ಕೊಳ್ಳುವ ಕೈಯ ಹಿಂದಿನ ಮನಸ್ಸು: ಅಗತ್ಯ, ಪ್ರೇರಣೆ ಮತ್ತು ಗ್ರಾಹಕ ವರ್ತನೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಾಣಿಜ್ಯ ವಿಷಯ ಓದುವ ವಿದ್ಯಾರ್ಥಿಗಳು, ಅಂಗಡಿ ನಡೆಸುವವರು ಮತ್ತು ಮನೆಯ ಖರ್ಚುವೆಚ್ಚ ನೋಡಿಕೊಳ್ಳುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಉದಾಹರಣೆಗಳನ್ನು ದಾವಣಗೆರೆ ಮತ್ತು ಅದರ ಆಸುಪಾಸಿನಿಂದಲೇ ಆರಿಸಿಕೊಂಡಿದೆ. ಅಮೆರಿಕದ ಸೂಪರ್ ಮಾರ್ಕೆಟ್ಟಿನ ಗ್ರಾಹಕನನ್ನು ಮುಂದಿಟ್ಟುಕೊಂಡು ಬರೆದ ಪಠ್ಯಗಳು ಮಂಡಿಪೇಟೆಯ ಗಿರಾಕಿಯನ್ನು ಅರ್ಥ ಮಾಡಿಕೊಳ್ಳಲು ಅರ್ಧದಷ್ಟೇ ಒದಗುತ್ತವೆ ಎಂಬುದು ಈ ಲೇಖಕನ ಅಭಿಪ್ರಾಯ.

ಅಗತ್ಯ, ಬಯಕೆ, ಬೇಡಿಕೆ ಈ ಮೂರೂ ಒಂದೇ ಅಲ್ಲವೇ?

ಅಲ್ಲ. ಹಸಿವು ಅಗತ್ಯ, ಅದು ದಾವಣಗೆರೆಯವರಿಗೂ ದಿಲ್ಲಿಯವರಿಗೂ ಒಂದೇ. ಆ ಹಸಿವು ಬೆಳಿಗ್ಗೆ ಬೆಣ್ಣೆ ದೋಸೆಯನ್ನೂ ಸಂಜೆ ಮಂಡಕ್ಕಿ ಮೆಣಸಿನಕಾಯಿಯನ್ನೂ ಹುಡುಕಿಕೊಂಡು ಹೋದರೆ ಅದು ಬಯಕೆ. ಬಯಕೆಗೆ ರೂಪ ಕೊಡುವುದು ಹುಟ್ಟಿದ ಊರು, ಬೆಳೆದ ಮನೆ ಮತ್ತು ನಾಲಿಗೆಗೆ ಹತ್ತಿದ ರೂಢಿ. ಬಯಕೆಯ ಜೊತೆಗೆ ಕೊಳ್ಳುವ ಶಕ್ತಿಯೂ ಹಣ ಬಿಚ್ಚುವ ಮನಸ್ಸೂ ಕೂಡಿದಾಗ ಅದು ಬೇಡಿಕೆಯಾಗುತ್ತದೆ. ಈ ವ್ಯತ್ಯಾಸ ಪರೀಕ್ಷೆಗಷ್ಟೇ ಸಂಬಂಧಿಸಿದ್ದಲ್ಲ. ಅಗತ್ಯವನ್ನು ಹುಟ್ಟಿಸುವುದು ಯಾವ ವ್ಯಾಪಾರಿಯ ಕೈಯಲ್ಲೂ ಇಲ್ಲ. ಬಯಕೆಯನ್ನು ತಿದ್ದುವುದು ಮಾತ್ರ ಅವನಿಗೆ ಸಾಧ್ಯ, ಅವನ ದುಡಿಮೆಯೆಲ್ಲ ನಡೆಯುವುದೂ ಅಲ್ಲಿಯೇ.

ಹಾಗಾದರೆ ಪ್ರೇರಣೆ ಎಂದರೆ ಏನು?

ಏನೋ ಕಡಿಮೆಯಾಗಿದೆ ಎಂಬ ಅರಿವು ಮನಸ್ಸಿನಲ್ಲಿ ಒಂದು ತಳಮಳವನ್ನು ಹುಟ್ಟಿಸುತ್ತದೆ. ಆ ತಳಮಳವನ್ನು ಕಳೆದುಕೊಳ್ಳಲು ಮನುಷ್ಯನನ್ನು ಒಂದು ದಿಕ್ಕಿಗೆ ಹೊರಡಿಸುವ ಒಳಗಿನ ಒತ್ತಡಕ್ಕೆ ಪ್ರೇರಣೆ ಎನ್ನುತ್ತಾರೆ. ಏಪ್ರಿಲ್ ತಿಂಗಳ ಸೆಕೆ ಎಲ್ಲರಿಗೂ ಒಂದೇ ಆದರೂ ಒಬ್ಬರು ಕೂಲರ್ ತರುತ್ತಾರೆ, ಇನ್ನೊಬ್ಬರು ಮಾಳಿಗೆಯ ಮೇಲೆ ಮಲಗುತ್ತಾರೆ, ಮತ್ತೊಬ್ಬರು ಕಂತಿನಲ್ಲಿ ಏಸಿ ಹಾಕಿಸುತ್ತಾರೆ. ಕೊರತೆ ಒಂದೇ, ದಾರಿ ಮೂರು. ಗ್ರಾಹಕ ವರ್ತನೆಯ ಅಧ್ಯಯನ ಕೇಳುವುದು ಈ ದಾರಿಗಳು ಎಲ್ಲಿ ಕವಲೊಡೆಯುತ್ತವೆ ಎಂಬುದನ್ನು. ಕೆಲವು ಪ್ರೇರಣೆಗಳನ್ನು ಗ್ರಾಹಕ ಬಾಯಿಬಿಟ್ಟು ಹೇಳುತ್ತಾನೆ, ಕೆಲವನ್ನು ಹೇಳುವುದಿಲ್ಲ, ಇನ್ನು ಕೆಲವು ಅವನಿಗೇ ಗೊತ್ತಿರುವುದಿಲ್ಲ. ಏಸಿ ಹಾಕಿಸಿದವರು ಸೆಕೆಯ ಮಾತನ್ನೇ ಆಡುತ್ತಾರೆಯೇ ಹೊರತು ಎದುರು ಮನೆಯ ಏಸಿಯ ಮಾತನ್ನು ಆಡುವುದಿಲ್ಲ.

ಮಾಸ್ಲೊ ಹೇಳಿದ ಅಗತ್ಯಗಳ ಶ್ರೇಣಿ ಏನು? ಅದು ನಮ್ಮಲ್ಲಿ ನಿಜವೇ?

ಅಮೆರಿಕದ ಮನಶ್ಶಾಸ್ತ್ರಜ್ಞ ಅಬ್ರಹಾಂ ಮಾಸ್ಲೊ 1943ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಮನುಷ್ಯನ ಅಗತ್ಯಗಳನ್ನು ಐದು ಹಂತಗಳಲ್ಲಿ ಇಟ್ಟರು: ದೇಹದ ಅಗತ್ಯಗಳು, ಭದ್ರತೆ, ಪ್ರೀತಿ ಮತ್ತು ಬಳಗ, ಮರ್ಯಾದೆ, ಕೊನೆಯಲ್ಲಿ ತನ್ನೊಳಗಿನ ಸಾಮರ್ಥ್ಯವನ್ನು ಪೂರ್ಣವಾಗಿ ಅರಳಿಸಿಕೊಳ್ಳುವ ಹಂಬಲ. ಕೆಳಗಿನದು ಒಂದು ಮಟ್ಟಿಗೆ ತೀರಿದ ಮೇಲೆ ಮೇಲಿನದು ಮುನ್ನೆಲೆಗೆ ಬರುತ್ತದೆ ಎಂಬುದು ಅವರ ವಾದದ ತಿರುಳು.

ಎಲ್ಲ ಪಠ್ಯಪುಸ್ತಕಗಳಲ್ಲೂ ಕಾಣುವ ತ್ರಿಕೋನದ ಚಿತ್ರವನ್ನು ಮಾಸ್ಲೊ ಬರೆದಿರಲಿಲ್ಲ. ಅದು ಮುಂದೆ ಆಡಳಿತ ನಿರ್ವಹಣೆಯ ಬರಹಗಾರರಿಂದ ಬಂದದ್ದು. ಚಿತ್ರ ನೋಡಿದವರಿಗೆ ಒಂದು ಮೆಟ್ಟಿಲನ್ನು ಪೂರ್ತಿ ಹತ್ತದೆ ಇನ್ನೊಂದಕ್ಕೆ ಕಾಲಿಡುವಂತಿಲ್ಲ ಎಂಬ ಭಾವನೆ ಬರುತ್ತದೆ. ಮೂಲ ಪ್ರಬಂಧದಲ್ಲಿ ಅಂಥ ಬಿಗಿ ಇಲ್ಲ. ಸಾಮಾನ್ಯ ಮನುಷ್ಯನಲ್ಲಿ ಎಲ್ಲ ಅಗತ್ಯಗಳೂ ಒಂದೇ ಕಾಲಕ್ಕೆ ಸ್ವಲ್ಪ ತೀರಿರುತ್ತವೆ, ಸ್ವಲ್ಪ ಉಳಿದಿರುತ್ತವೆ ಎಂದು ಅವರೇ ಬರೆದಿದ್ದಾರೆ. ಕೇವಲ ವಿವರಣೆಗಾಗಿ ಎಂದು ಹೇಳಿ ದೇಹದ ಅಗತ್ಯ ಶೇ. 85, ಭದ್ರತೆ ಶೇ. 70, ಪ್ರೀತಿ ಶೇ. 50, ಮರ್ಯಾದೆ ಶೇ. 40, ಕೊನೆಯದು ಶೇ. 10 ತೀರಿರಬಹುದು ಎಂಬ ಕಾಲ್ಪನಿಕ ಲೆಕ್ಕವನ್ನೂ ಕೊಟ್ಟಿದ್ದಾರೆ. ಒಂದೇ ವರ್ತನೆಯ ಹಿಂದೆ ಹಲವು ಪ್ರೇರಣೆಗಳು ಕೂಡಿರುತ್ತವೆ ಎಂಬುದನ್ನೂ ಅವರು ಒಪ್ಪಿದ್ದರು.

ನಮ್ಮಲ್ಲಿ ಈ ಶ್ರೇಣಿಗೆ ಹಳೆಯದೊಂದು ತಕರಾರಿದೆ: ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ಗಾದೆ ಹುಟ್ಟಿದ್ದು ಗೇಲಿ ಮಾಡಲು. ಆದರೂ ಹಾಗೆ ನಡೆದುಕೊಳ್ಳುವವರು ಸಾಕಷ್ಟು ಮಂದಿ ಇದ್ದಾರೆಂಬುದಕ್ಕೆ ಅದೇ ಸಾಕ್ಷಿ. ಎರಡು ವರ್ಷಕ್ಕೊಮ್ಮೆ ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆ ಬಂದಾಗ ಕೂಲಿ ಮಾಡುವ ಮನೆಯಲ್ಲೂ ಗೋಡೆಗೆ ಸುಣ್ಣ ಬಣ್ಣ ಆಗುತ್ತದೆ, ಹೊಸ ಬಟ್ಟೆ ಬರುತ್ತದೆ, ಬೀಗರು ನೆಂಟರಿಗೆ ಊಟದ ಕರೆ ಹೋಗುತ್ತದೆ. ಅದಕ್ಕೆ ಸಾಲ ಆದರೂ ಸರಿ. ಹೊರಗಿನಿಂದ ನೋಡಿದವರು ಇದನ್ನು ದುಂದು ಎನ್ನಬಹುದು. ಕಷ್ಟ ಬಂದಾಗ ಮೊದಲು ಕೈ ಹಿಡಿಯುವವರು ಆ ನೆಂಟರೇ ಆಗಿರುವ ಊರಿನಲ್ಲಿ ಬಳಗವನ್ನು ಉಳಿಸಿಕೊಳ್ಳುವ ಖರ್ಚು ಭದ್ರತೆಯ ಖರ್ಚೂ ಹೌದು. ಮಾಸ್ಲೊ ಬೇರೆ ಬೇರೆ ಹಂತಗಳಲ್ಲಿ ಇಟ್ಟ ಎರಡು ಅಗತ್ಯಗಳು ಇಲ್ಲಿ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತವೆ.

ಬೇರೆ ಸಿದ್ಧಾಂತಗಳನ್ನೂ ಓದಬೇಕೇ?

ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲ್ಯಾಂಡ್ ಅವರದನ್ನು ಓದುವುದು ಒಳ್ಳೆಯದು. ಸಾಧನೆ, ಒಡನಾಟ, ಅಧಿಕಾರ ಎಂಬ ಮೂರು ಅಗತ್ಯಗಳು ಒಬ್ಬೊಬ್ಬರಲ್ಲಿ ಒಂದೊಂದು ಪ್ರಮಾಣದಲ್ಲಿ ಇರುತ್ತವೆ ಎಂದು ಅವರು ಹೇಳಿದರು. 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ಸಣ್ಣ ಉದ್ಯಮಿಗಳಿಗೆ ಸಾಧನೆಯ ಪ್ರೇರಣೆಯನ್ನು ಹೆಚ್ಚಿಸುವ ತರಬೇತಿ ಕೊಟ್ಟು ಅದರ ಪರಿಣಾಮವನ್ನು ಅಳೆದರು. ದಕ್ಷಿಣ ಭಾರತದ ವ್ಯಾಪಾರದ ಊರೊಂದು ಇಂಥ ಅಧ್ಯಯನದಲ್ಲಿ ಸೇರಿದ್ದು ಅಪರೂಪ.

ಮದುವೆ ಜವಳಿಗೆ ಇಡೀ ಕುಟುಂಬ ಹೊರಡುವುದು ಏಕೆ? ಅಲ್ಲಿ ನಿಜವಾದ ಗ್ರಾಹಕ ಯಾರು?

ಈ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇನ್ನೊಂದಿಲ್ಲ. ಮದುವೆ ಜವಳಿ ತೆಗೆಯಲು ಸುತ್ತಲಿನ ಜಿಲ್ಲೆಗಳ ಜನರೂ ದಾವಣಗೆರೆಗೆ ಬರುತ್ತಾರೆ. ಟೆಂಪೊ ಮಾಡಿಕೊಂಡು ಬಂದ ಹತ್ತು ಹನ್ನೆರಡು ಮಂದಿ ಅಂಗಡಿಯ ಗಾದಿಯ ಮೇಲೆ, ಬಿಳಿ ಹಾಸಿನ ಸುತ್ತ ಕೂತ ಮೇಲೆ ಸೀರೆ ತೋರಿಸುವವನು ಮೊದಲು ಕೇಳುವುದು ದರದ ಮಿತಿಯನ್ನಲ್ಲ. ಅವನ ಪ್ರಶ್ನೆ: “ಉಡಾಕೋ, ಕೊಡಾಕೋ?”

ಆ ಒಂದು ಪ್ರಶ್ನೆಯಿಂದ ಅವನು ಪ್ರೇರಣೆಯನ್ನು ಎರಡಾಗಿ ಸೀಳಿಬಿಡುತ್ತಾನೆ. ಉಡುವ ಸೀರೆಯಾದರೆ ಗಿರಾಕಿಯ ಕೈ ಬಟ್ಟೆಯ ಮೈ ಸವರಿ ನೋಡುತ್ತದೆ, ಸೆರಗನ್ನು ಹೆಗಲಿಗೆ ಹಾಕಿಸಿಕೊಂಡು ಕನ್ನಡಿಯ ಮುಂದೆ ನಿಲ್ಲುವುದಾಗುತ್ತದೆ, ಬಣ್ಣ ಒಪ್ಪುತ್ತದೆಯೇ ಎಂಬ ಚರ್ಚೆ ನಡೆಯುತ್ತದೆ. ಕೊಡುವ ಸೀರೆಯಾದರೆ ಕೈ ಹೋಗುವುದು ಅಂಚಿಗೆ ಮತ್ತು ದರದ ಚೀಟಿಗೆ. “ಅವರು ನಮಗೆ ಎಂಥದ್ದು ಕೊಟ್ಟಿದ್ದರು?” ಎಂಬ ಮಾತು ಬರುತ್ತದೆ. ಕೆಲವು ಮನೆಗಳಲ್ಲಿ ಹಿಂದಿನ ಮದುವೆಯ ಮುಯ್ಯಿ ಪುಸ್ತಕವನ್ನು ನೋಡಿಕೊಂಡೇ ಬಂದಿರುತ್ತಾರೆ. ಮುಯ್ಯಿ ಎಂದರೆ ತೀರಿಸಬೇಕಾದ ಋಣ. ಪಡೆದದ್ದಕ್ಕಿಂತ ಕಡಿಮೆ ಕೊಟ್ಟರೆ ಅವಮಾನ, ತೀರ ಹೆಚ್ಚು ಕೊಟ್ಟರೆ ಎದುರಿನವರ ಮೇಲೆ ಭಾರ. ಅಷ್ಟು ನಾಜೂಕಾದ ತೂಕವನ್ನು ಅಲ್ಲಿ ಕೂತವರು ಲೆಕ್ಕಪತ್ರವಿಲ್ಲದೆ, ಬಾಯಿಲೆಕ್ಕದಲ್ಲೇ ಮಾಡುತ್ತಾರೆ.

ಪಾತ್ರಗಳನ್ನು ಗಮನಿಸಬೇಕು. ಪಟ್ಟಿ ತಯಾರಿಸಿದವರು ತಾಯಿ. ಅಭಿಪ್ರಾಯ ಹೇಳುವವರು ಎಲ್ಲರೂ. ಕೊನೆಯ ಮಾತು ಬಹಳ ಸಲ ಸೋದರತ್ತೆಯದು, ಇಲ್ಲವೇ ಇಂಥ ನಾಲ್ಕಾರು ಮದುವೆ ಮಾಡಿ ಗೊತ್ತಿರುವ ದೊಡ್ಡಮ್ಮನದು. ಹಣ ಕೊಡುವ ತಂದೆ ಗಲ್ಲಾದ ಹತ್ತಿರ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿರುತ್ತಾರೆ. ಉಡಬೇಕಾದ ಮದುಮಗಳ ಮಾತು ಧಾರೆ ಸೀರೆಯ ಬಣ್ಣಕ್ಕಷ್ಟೇ ನಡೆದರೆ ಅದೇ ಹೆಚ್ಚು. ಇತ್ತೀಚೆಗೆ ಮೊಬೈಲಿನಲ್ಲಿ ಚಿತ್ರ ಹಿಡಿದುಕೊಂಡು ಬರುವ ಹೆಣ್ಣುಮಕ್ಕಳು ಈ ಪದ್ಧತಿಯನ್ನು ಸ್ವಲ್ಪ ಅಲುಗಾಡಿಸಿದ್ದಾರೆ, ಅದು ಆಗಬೇಕಾದದ್ದೇ. ಪ್ರೇರೇಪಿಸುವವರು, ಪ್ರಭಾವ ಬೀರುವವರು, ತೀರ್ಮಾನಿಸುವವರು, ಹಣ ಕೊಡುವವರು, ಬಳಸುವವರು ಎಂದು ಪಠ್ಯ ಹೇಳುವ ಐದು ಪಾತ್ರಗಳೂ ಒಂದೇ ಗಾದಿಯ ಮೇಲೆ ಕೂತಿರುತ್ತವೆ. ಅನುಭವವಿಲ್ಲದ ಮಾರಾಟಗಾರ ಹಣ ಕೊಡುವವರ ಮುಖ ನೋಡುತ್ತಾನೆ. ಪಳಗಿದವನು ಸೋದರತ್ತೆಯ ಮುಂದೆ ಸೀರೆ ಬಿಚ್ಚುತ್ತಾನೆ.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಕೈಮಗ್ಗದ ಆ ಸೀರೆಯನ್ನು ಕೊಳ್ಳುವವರಲ್ಲಿ ನೇಯ್ಗೆಯ ಮೇಲಿನ ಪ್ರೀತಿಯೂ, ಅಸಲಿ ರೇಷ್ಮೆ ಎಂಬ ಭರವಸೆಯೂ, ನಾಲ್ಕು ಜನ ಗುರುತಿಸಲಿ ಎಂಬ ಆಸೆಯೂ ಕೂಡಿರುತ್ತವೆ. ಇವುಗಳಲ್ಲಿ ಯಾವುದು ಎಷ್ಟು ಎಂದು ಬೇರ್ಪಡಿಸಿ ಹೇಳಲು ಕೊಂಡವರಿಗೂ ಆಗುವುದಿಲ್ಲ.

ಚಿನ್ನದ ಮೇಲೆ ಇಷ್ಟು ಒಲವು ಏಕೆ?

ಒಂದೇ ವಸ್ತು ಇಷ್ಟೊಂದು ಅಗತ್ಯಗಳನ್ನು ತೀರಿಸುವುದು ವಿರಳ. ಚಿನ್ನ ಮೈಮೇಲೆ ಇದ್ದಾಗ ಮರ್ಯಾದೆ, ಪೆಟ್ಟಿಗೆಯಲ್ಲಿದ್ದಾಗ ಭದ್ರತೆ, ಮಗಳಿಗೆ ಕೊಟ್ಟಾಗ ಪ್ರೀತಿ, ಬಿತ್ತನೆಯ ಕಾಲಕ್ಕೆ ಬ್ಯಾಂಕಿನಲ್ಲಿ ಅಡವಿಟ್ಟಾಗ ಬೀಜ ಗೊಬ್ಬರದ ಹಣ. ಹೆಣ್ಣುಮಕ್ಕಳಿಗೆ ಅದು ಬಹಳ ಕಾಲ ತಮ್ಮದೆಂದು ಹೇಳಿಕೊಳ್ಳಬಹುದಾದ ಒಂದೇ ಆಸ್ತಿಯಾಗಿತ್ತು ಎಂಬುದನ್ನೂ ಮರೆಯಬಾರದು. ಪ್ರೇರಣೆ ಇಷ್ಟು ಬಲವಾಗಿರುವಲ್ಲಿ ಮೋಸಕ್ಕೂ ಅವಕಾಶ ಹೆಚ್ಚು. 2023ರ ಏಪ್ರಿಲ್ 1ರಿಂದ, ಶುದ್ಧತೆಯ ಮುದ್ರೆಯಾದ ಹಾಲ್‌ಮಾರ್ಕ್ ಕಡ್ಡಾಯವಾದ ಆಭರಣಗಳನ್ನು, ಪ್ರತಿ ಆಭರಣಕ್ಕೂ ಬೇರೆಯಾಗಿರುವ ಆರು ಅಕ್ಷರ–ಅಂಕಿಗಳ ಎಚ್‌ಯುಐಡಿ ಗುರುತಿಲ್ಲದೆ ಮಾರುವಂತಿಲ್ಲ. ಆ ಗುರುತನ್ನು ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಹಾಕಿ ಅಂಗಡಿಯಲ್ಲಿ ನಿಂತಲ್ಲೇ ಪರೀಕ್ಷಿಸಬಹುದು. ಪರಿಚಯದ ಅಂಗಡಿಯವರ ಮುಂದೆ ಹಾಗೆ ಪರೀಕ್ಷಿಸಲು ಜನ ಸಂಕೋಚಪಡುತ್ತಾರೆ. ಒಡನಾಟದ ಅಗತ್ಯ ಭದ್ರತೆಯ ಅಗತ್ಯವನ್ನು ಹಿಂದಕ್ಕೆ ತಳ್ಳುವುದು ಇಂಥ ಕಡೆ.

ಖರೀದಿಯೆಲ್ಲ ಕೆಲವು ತಿಂಗಳಲ್ಲೇ ಆಗುವುದು ಪ್ರೇರಣೆಯಿಂದಲೋ, ಹಣದಿಂದಲೋ?

ಎರಡರಿಂದಲೂ. ಸಂಬಳದಾರರ ಊರಿನಲ್ಲಿ ತಿಂಗಳ ಮೊದಲ ವಾರ ಹೇಗೋ, ಬೇಸಾಯದ ಊರಿನಲ್ಲಿ ಸುಗ್ಗಿ ಹಾಗೆ. ದಾವಣಗೆರೆ ಸೀಮೆಯ ಮೆಕ್ಕೆಜೋಳ ಮಾರುಕಟ್ಟೆಗೆ ಬರುವುದು ಅಕ್ಟೋಬರ್, ನವೆಂಬರ್ ಹೊತ್ತಿಗೆ. ದೀಪಾವಳಿಯೂ ಅದೇ ಆಸುಪಾಸಿನಲ್ಲಿ. ಚನ್ನಗಿರಿ ಕಡೆ ಅಡಿಕೆ, ಭದ್ರಾ ನಾಲೆಯ ಕೆಳಗೆ ಭತ್ತ, ಚಳ್ಳಕೆರೆ ಕಡೆ ಶೇಂಗಾ ಎಂದು ಒಂದೊಂದು ತಾಲ್ಲೂಕಿನ ಕೈಗೆ ಒಂದೊಂದು ಕಾಲಕ್ಕೆ ದುಡ್ಡು ಬರುತ್ತದೆ. ಬಯಕೆ ವರ್ಷವಿಡೀ ಇದ್ದದ್ದೇ. ಮಾಳಿಗೆಗೆ ಶೀಟು ಹಾಕಿಸಬೇಕು, ಬೈಕು ಬದಲಿಸಬೇಕು ಎಂದು ಮನೆಯಲ್ಲಿ ಮಾತು ನಡೆದೇ ಇರುತ್ತದೆ. ದುಡ್ಡು ಬಂದ ವಾರದಲ್ಲಿ ಆ ಹಳೆಯ ಬಯಕೆಗಳೆಲ್ಲ ಒಟ್ಟಿಗೆ ಬಾಗಿಲಿಗೆ ಬರುತ್ತವೆ. ಮಳೆ ಕೈಕೊಟ್ಟ ವರ್ಷ ಮುಂದಕ್ಕೆ ಹೋಗುವುದರಲ್ಲಿ ಬೈಕು ಮೊದಲಿನದು, ಮಗಳ ಮದುವೆ ಕೊನೆಯದು. ಮನೆಯವರ ಮಟ್ಟಿಗೆ ಅಗತ್ಯಗಳ ನಿಜವಾದ ಶ್ರೇಣಿ ಯಾವುದೆಂದು ತಿಳಿಯಬೇಕಾದರೆ ಬರಗಾಲದ ವರ್ಷದಲ್ಲಿ ಏನನ್ನು ಬಿಟ್ಟರು, ಏನನ್ನು ಬಿಡಲಿಲ್ಲ ಎಂದು ಕೇಳಬೇಕು.

ಆದಾಯ ಹೆಚ್ಚಿದಂತೆ ಅಗತ್ಯಗಳು ಬದಲಾಗುತ್ತವೆಯೇ?

ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲಿಯೇ ಇದನ್ನು ಗುರುತಿಸಿದ್ದರು: ಆದಾಯ ಏರಿದಂತೆ ಒಟ್ಟು ಖರ್ಚಿನಲ್ಲಿ ಆಹಾರದ ಪಾಲು ಇಳಿಯುತ್ತದೆ. ನಮ್ಮ ದೇಶದ ಗೃಹ ಬಳಕೆ ವೆಚ್ಚದ ಸಮೀಕ್ಷೆಗಳೂ ಇದನ್ನೇ ತೋರಿಸುತ್ತವೆ. 2011–12ರಲ್ಲಿ ಗ್ರಾಮೀಣ ಮನೆಗಳ ಖರ್ಚಿನಲ್ಲಿ ಆಹಾರದ ಪಾಲು ಸುಮಾರು ಶೇ. 53 ಇದ್ದದ್ದು 2022–23ರಲ್ಲಿ ಸುಮಾರು ಶೇ. 46ಕ್ಕೆ ಇಳಿದಿತ್ತು, ನಗರಗಳಲ್ಲಿ ಸುಮಾರು ಶೇ. 43ರಿಂದ ಶೇ. 39ಕ್ಕೆ. ಪಾಲು ಇಳಿಯಿತೆಂದರೆ ಜನ ಕಡಿಮೆ ತಿನ್ನುತ್ತಿದ್ದಾರೆಂದಲ್ಲ. ತಿನ್ನುವುದರಲ್ಲಿಯೇ ಧಾನ್ಯದ ಪಾಲು ಇಳಿದು ಹಾಲು, ಹಣ್ಣು, ಮೊಟ್ಟೆ, ಪೊಟ್ಟಣದ ತಿಂಡಿಗಳ ಕಡೆಗೆ ಖರ್ಚು ಹೊರಳಿದೆ. ಹೊಟ್ಟೆ ತುಂಬುವ ಪ್ರೇರಣೆಯ ಜಾಗಕ್ಕೆ ರುಚಿ, ಅನುಕೂಲ ಮತ್ತು ಆರೋಗ್ಯದ ಪ್ರೇರಣೆಗಳು ಬಂದಿವೆ.

ಬಡವರು ಚಿಕ್ಕ ಪೊಟ್ಟಣವನ್ನೇ ಕೊಳ್ಳುವುದು ತಿಳಿಯದೆಯೇ?

ತಿಳಿದೇ. ದಿನಗೂಲಿಯ ಮನೆಯಲ್ಲಿ ಕೈಯಲ್ಲಿರುವ ಹಣವನ್ನು ಒಂದೇ ವಸ್ತುವಿಗೆ ಸುರಿಯದಿರುವುದೂ ಒಂದು ಭದ್ರತೆ. ಬಾಟಲಿ ತಂದರೆ ಬೇಗ ಖಾಲಿಯಾಗುತ್ತದೆ, ಪೊಟ್ಟಣದಲ್ಲಾದರೆ ಕೈ ಹಿಡಿತದಲ್ಲಿರುತ್ತದೆ ಎಂಬ ಲೆಕ್ಕವೂ ಇದೆ. ಚಿಕ್ಕದು ಯಾವಾಗಲೂ ದುಬಾರಿ ಎನ್ನುವಂತೆಯೂ ಇಲ್ಲ. ಶಾಂಪೂವಿನಲ್ಲಿ ಎಷ್ಟೋ ಸಲ ಪೊಟ್ಟಣವೇ ಅಗ್ಗ ಬೀಳುತ್ತದೆ.

ಜಾಹೀರಾತು ಇಲ್ಲದ ಅಗತ್ಯವನ್ನು ಹುಟ್ಟಿಸುತ್ತದೆಯೇ?

ಹುಟ್ಟಿಸುವುದಕ್ಕಿಂತ ಇರುವ ಅಗತ್ಯಕ್ಕೆ ತನ್ನ ವಸ್ತುವಿನ ಹೆಸರನ್ನು ಅಂಟಿಸುತ್ತದೆ ಎನ್ನುವುದು ಸರಿ. ಮಗು ಓದಿನಲ್ಲಿ ಹಿಂದೆ ಬೀಳಬಾರದು ಎಂಬ ಆತಂಕ ತಂದೆತಾಯಿಗೆ ಮೊದಲಿನಿಂದಲೂ ಇತ್ತು. ಹಾಲಿಗೆ ಬೆರೆಸುವ ಪುಡಿ, ಆನ್‌ಲೈನ್ ಪಾಠ, ಊರ ತುಂಬ ಇರುವ ಕೋಚಿಂಗ್ ತರಗತಿ ಎಲ್ಲವೂ ಆ ಆತಂಕದ ಮೇಲೆಯೇ ನಿಂತಿವೆ. ಪುಡಿ ಕುಡಿದರೆ ಅಂಕ ಬರುತ್ತದೆ ಎಂದು ಯಾರೂ ನೇರವಾಗಿ ಹೇಳುವುದಿಲ್ಲ. ಪುಡಿ ಕುಡಿದ ಮಗುವನ್ನೂ ಬಹುಮಾನದ ಬಟ್ಟಲನ್ನೂ ಒಂದೇ ಚಿತ್ರದಲ್ಲಿ ತೋರಿಸುತ್ತಾರೆ.

ಇನ್ನೊಂದು ದಾರಿ ಭಯದ್ದು. ಪಡೆಯುವ ಸುಖಕ್ಕಿಂತ ಕಳೆದುಕೊಳ್ಳುವ ನೋವು ಮನುಷ್ಯನಿಗೆ ದೊಡ್ಡದಾಗಿ ಕಾಣುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವರ್ಸ್ಕಿ 1979ರಲ್ಲಿ ವಿವರಿಸಿದರು. “ಇಂದೇ ಕೊನೆಯ ದಿನ”, “ಎರಡೇ ಉಳಿದಿವೆ” ಎಂಬ ಫಲಕಗಳಿಗೆ ಬಲ ಬಂದದ್ದು ಅಲ್ಲಿಂದ. ಆನ್‌ಲೈನ್ ವ್ಯಾಪಾರದಲ್ಲಿ ಈ ತಂತ್ರ ಅತಿಯಾದ್ದರಿಂದ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಮಾರ್ಗಸೂಚಿ ಹೊರಡಿಸಿ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿತು. ಸುಳ್ಳು ಅವಸರ ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಕೊನೆಯ ಹಂತದಲ್ಲಿ ಹೊಸ ಶುಲ್ಕ ತೋರಿಸುವುದು, ಬೇಡ ಎಂದವರಿಗೆ ನಾಚಿಕೆಯಾಗುವಂಥ ಮಾತು ಬಳಸುವುದು ಆ ಪಟ್ಟಿಯಲ್ಲಿವೆ.

ಕೊಂಡ ಮೇಲೂ ಪ್ರೇರಣೆ ಕೆಲಸ ಮಾಡುತ್ತದೆಯೇ?

ಖಂಡಿತ. ಟ್ರ್ಯಾಕ್ಟರ್ ಕೊಳ್ಳುವ ರೈತನನ್ನು ತೆಗೆದುಕೊಳ್ಳಿ. ಕೊಳ್ಳುವ ಮೊದಲು ಅವನ ಮನಸ್ಸು ಎರಡು ಕಡೆ ಎಳೆದಾಡುತ್ತದೆ: ಉಳುಮೆಗೆ ಇನ್ನೊಬ್ಬರ ಬಾಗಿಲು ಕಾಯುವುದು ತಪ್ಪುತ್ತದೆ, ಬಾಡಿಗೆಯೂ ಬರುತ್ತದೆ, ಊರಲ್ಲಿ ತೂಕ ಹೆಚ್ಚುತ್ತದೆ, ಆದರೆ ಕಂತು ಕಟ್ಟಬೇಕು. ಒಂದೇ ವಸ್ತು ಎಳೆಯುತ್ತಲೂ ಹೆದರಿಸುತ್ತಲೂ ಇರುವ ಈ ಸ್ಥಿತಿಯನ್ನು ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ವಿವರಿಸಿದ್ದಾರೆ. ಕೊಂಡ ಮೇಲೆ ಹೆದರಿಕೆ ಹೋಗುವುದಿಲ್ಲ, ವೇಷ ಬದಲಿಸುತ್ತದೆ. “ಇನ್ನೊಂದು ಕಂಪನಿಯದೇ ತರಬೇಕಿತ್ತೇನೋ” ಎಂಬ ಮುಳ್ಳು ಚುಚ್ಚಲಾರಂಭಿಸಿದಾಗ ಅವನು ತನ್ನ ಗಾಡಿಯನ್ನು ಕಟ್ಟೆಯ ಮೇಲೆ ಎಲ್ಲರೆದುರು ಹೊಗಳತೊಡಗುತ್ತಾನೆ. ನಂಬಿಕೆಗೂ ನಡೆಗೂ ಹೊಂದಿಕೆ ತಪ್ಪಿದಾಗ ಆಗುವ ಈ ಇರುಸುಮುರುಸನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಜರ್ 1957ರಲ್ಲಿ ಸಿದ್ಧಾಂತವಾಗಿ ಮಂಡಿಸಿದರು. ನೆರೆಯವನ ಹೊಗಳಿಕೆ ಕೇಳಿ ಅದೇ ಗಾಡಿ ಬುಕ್ ಮಾಡುವವರು ಅವನು ಹೊಗಳುತ್ತಿರುವುದು ಗಾಡಿಯನ್ನೋ ತನ್ನ ತೀರ್ಮಾನವನ್ನೋ ಎಂದು ಸ್ವಲ್ಪ ಯೋಚಿಸಬೇಕು.

ಸಣ್ಣ ಅಂಗಡಿಯವರಿಗೆ ಈ ಸಿದ್ಧಾಂತಗಳಿಂದ ಏನು ಲಾಭ?

ದರದಲ್ಲಿ ಅವರು ಮಾಲ್‌ಗಳನ್ನಾಗಲಿ ಮೊಬೈಲ್ ಆ್ಯಪ್‌ಗಳನ್ನಾಗಲಿ ಗೆಲ್ಲುವುದು ಕಷ್ಟ. ಅವರಲ್ಲಿರುವುದು ಉದ್ರಿ ಪುಸ್ತಕ. ತಿಂಗಳ ಕೊನೆಯಲ್ಲಿ “ಬರ್ಕೊಳ್ರಿ” ಎಂದರೆ ಸಾಮಾನು ಕೊಡುವ ಅಂಗಡಿ ಗಿರಾಕಿಯ ಭದ್ರತೆಯನ್ನೂ ಮರ್ಯಾದೆಯನ್ನೂ ಒಟ್ಟಿಗೆ ಕಾಯುತ್ತದೆ. ನಾಲ್ಕು ಜನರ ಮುಂದೆ ಹಳೆ ಬಾಕಿ ಕೇಳಿದ ದಿನ ಅದೇ ಗಿರಾಕಿ ಬಾಕಿ ತೀರಿಸಿ ಬೇರೆ ಅಂಗಡಿ ಹಿಡಿಯುತ್ತಾನೆ. ಅಲ್ಲಿ ಅಕ್ಕಿಗೆ ಎರಡು ರೂಪಾಯಿ ಹೆಚ್ಚಾದರೂ ಸರಿ ಎನ್ನುತ್ತಾನೆ. “ಇಂದು ನಗದು, ನಾಳೆ ಉದ್ರಿ” ಎಂದು ಫಲಕ ತೂಗುಹಾಕುವವರು ತಮ್ಮ ಕೈಯಲ್ಲಿದ್ದ ಆಯುಧವನ್ನು ತಾವೇ ಕೆಳಗಿಟ್ಟಂತೆ. ಉದ್ರಿ ಮುಳುಗುವ ಭಯ ನಿಜವೇ; ಅದಕ್ಕೆ ಮಿತಿ ಇಡುವುದು ಬೇರೆ, ಮುಖದ ಮೇಲೆ ಹೊಡೆದಂತೆ ಇಲ್ಲವೆನ್ನುವುದು ಬೇರೆ.

ಕೊಂಡದ್ದರಲ್ಲಿ ಮೋಸವಾದರೆ, ಯಾವ ಉದ್ದೇಶಕ್ಕೆ ಕೊಂಡೆವು ಎಂಬುದು ಕಾನೂನಿಗೆ ಮುಖ್ಯವೇ?

ಮುಖ್ಯ. 2020ರ ಜುಲೈ 20ರಿಂದ ಜಾರಿಯಾದ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಮರುಮಾರಾಟಕ್ಕೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ. ಸ್ವಂತ ದುಡಿಮೆಯಿಂದ ಜೀವನ ನಡೆಸಲು ಕೊಂಡವರಿಗೆ ಮಾತ್ರ ಇದರಲ್ಲಿ ವಿನಾಯಿತಿ ಇದೆ. ಹೊಲಿಗೆ ಯಂತ್ರ ಕೊಂಡು ಮನೆಯಲ್ಲೇ ಹೊಲಿಯುವ ಹೆಣ್ಣುಮಗಳು ಗ್ರಾಹಕಿ. ಇಪ್ಪತ್ತು ಯಂತ್ರ ಕೊಂಡು ಗಾರ್ಮೆಂಟ್ ನಡೆಸುವವರಿಗೆ ಆ ಹಕ್ಕು ಸಿಗುವುದು ಕಷ್ಟ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಕೊಡಬಹುದು, ಅದೂ ತಾನಿರುವ ಜಿಲ್ಲೆಯಲ್ಲಿಯೇ. 5 ಲಕ್ಷದವರೆಗಿನ ಬೆಲೆಗೆ ದೂರಿನ ಶುಲ್ಕವಿಲ್ಲ. ತೊಂದರೆಯಾದ ಎರಡು ವರ್ಷದೊಳಗೆ ದೂರು ಸಲ್ಲಬೇಕು. ಮೊದಲು ವಿಚಾರಿಸಿಕೊಳ್ಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಬೀಜದ ದೂರಾದರೆ ರಸೀದಿಯ ಜೊತೆಗೆ ಲಾಟ್ ಸಂಖ್ಯೆಯಿರುವ ಖಾಲಿ ಚೀಲವನ್ನೂ ಪೈರು ಕೊಯ್ಲಿಗೆ ಬರುವವರೆಗೆ ಎಸೆಯದೆ ಇಟ್ಟುಕೊಂಡಿರಬೇಕು.